ಹತ್ತಿ ಕೋಣೆಯ ದನಿ

ಹೋದ ಚಳಿಗಾಲದಲ್ಲಿ ಆಂಧ್ರದ ಆದೋನಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಕನ್ನಡದ ಮನೆಗಳವರೆಲ್ಲ ಸೇರಿ ಹಾಡು, ನಾಟಕ, ಮಕ್ಕಳ ಓದು ಅಂತ ಕೆಲವು ಸಂಜೆಗಳನ್ನು ನಡೆಸಿದರು. ನನ್ನನ್ನೂ ಹಾಡಲು ಕರೆದಿದ್ದರು. ವೇದಿಕೆ ಹತ್ತಿ ಕೂತೆ, ಗಂಟಲು ಸರಿಮಾಡಿಕೊಂಡೆ, ಇನ್ನೇನು ಶುರು ಮಾಡಬೇಕು ಅನ್ನುವಾಗ ಉಸ್ತುವಾರಿ ವಹಿಸಿದ್ದ ತರುಣನೊಬ್ಬ ಬಗ್ಗಿ ಬಂದು ಕಿವಿಯ ಹತ್ತಿರ ಹೇಳಿದ:

"ಆಂಟೀ, ಮೈಕ್ ಸ್ವಲ್ಪ ದೂರ ಹಿಡ್ಕೋರಿ. ನಿಮ್ಮ ವಾಯ್ಸ್ ಬಾಳ ಜಾಸ್ತಿ ಐತಿ, ಬಾಕ್ಸ್ ಹೋಗ್ತಾವ. ಸ್ವಲ್ಪ ಮೆಲ್ಲಗ ಹಾಡಿದ್ರೂ ನಡೀತೈತಿ."

ನಾನು ಮೈಕನ್ನು ಅವನ ಕೈಗೇ ಕೊಟ್ಟೆ.

"ಇದನ್ನ ತಗೊಂಡು ಕಡೀ ಸಾಲಿನಾಗ ಹೋಗಿ ಕೂಡಪ್ಪ. ಅಲ್ಲಿಗೆ ಕೇಳದಿದ್ರ ಬಂದು ಹೇಳು."

ಅವನು ಬಂದು ಹೇಳಲಿಲ್ಲ.

ಮೆಲ್ಲಗೆ ಹಾಡು ಎನ್ನುವ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮನೆಯವರು ಹೇಳಿದ್ದಾರೆ, ಬೀಗರು ಹೇಳಿದ್ದಾರೆ, ದುಡ್ಡು ಕೊಟ್ಟು ಕೇಳಲು ಬಂದವರೂ ಹೇಳಿದ್ದಾರೆ. ಹೆಣ್ಣಿನ ಗಂಟಲು ಹೀಗಿರಬಾರದಂತೆ. ಹೇಗಿರಬೇಕು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಈ ದನಿ ನನಗೆ ದೇವರು ಕೊಟ್ಟದ್ದು ಅಂತ ಕೆಲವರು ಸಮಾಧಾನಕ್ಕೆ ಅನ್ನುವುದುಂಟು. ಅದೂ ತಪ್ಪು. ಇದು ನಮ್ಮ ಮನೆಯ ಹತ್ತಿ ಕೋಣೆಯಲ್ಲಿ ಆದದ್ದು. ನಮ್ಮವರೇ ತಮ್ಮ ಕೈಯಾರೆ ನನ್ನನ್ನು ಅಲ್ಲಿಗೆ ಕಳಿಸಿದರು, ಆಮೇಲೆ ತಾವೇ ಬೆಚ್ಚಿಬಿದ್ದರು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮದು ಹತ್ತಿ ವ್ಯಾಪಾರದ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಬಂಡೆ. ಬೀದಿ ಬಾಗಿಲು ದಾಟಿದರೆ ಪಡಸಾಲೆ. ಅಲ್ಲಿ ಬಿಳಿ ಗಾದಿಯ ಮೇಲೆ ದೊಡ್ಡಪ್ಪ ಕೂತಿರುತ್ತಿದ್ದರು. ಪಡಸಾಲೆ ದಾಟಿದರೆ ತೆರೆದ ಅಂಗಳ, ಅಂಗಳದ ಹಿಂಬದಿಗೆ ಅಡುಗೆಮನೆ. ಪಡಸಾಲೆಯ ಪಕ್ಕಕ್ಕೆ, ಬೀದಿಗೆ ಬೆನ್ನು ಕೊಟ್ಟುಕೊಂಡು ಹತ್ತಿ ಕೋಣೆ. ಮನೆಯ ಎಲ್ಲ ಕೋಣೆಗಳಿಗಿಂತ ಅದೇ ದೊಡ್ಡದು, ಅದೇ ಎತ್ತರ. ಮಾಳಿಗೆಗೆ ತಗುಲುವ ಹಾಗೆ ಬೀದಿ ಕಡೆಗೆ ಒಂದು ದೊಡ್ಡ ಕಿಟಕಿ. ಚಳಿ ಶುರುವಾಯಿತೆಂದರೆ ಆಲೂರು, ಕೋಸಗಿ ಕಡೆಯಿಂದ ಹತ್ತಿಯ ಬಂಡಿಗಳು ಬಂದು ನಿಲ್ಲುತ್ತಿದ್ದವು. ಹಮಾಲಿಗಳು ಚೀಲ ಬಿಚ್ಚಿ ಆ ಕಿಟಕಿಯಿಂದ ಒಳಕ್ಕೆ ಸುರಿಯುತ್ತಿದ್ದರು. ನೆಲದಿಂದ ಮಾಳಿಗೆಯ ತನಕ ಹತ್ತಿ. ಸುರಿದ ಹತ್ತಿ ಉಬ್ಬಿಕೊಂಡು ಜಾಗ ತಿನ್ನುತ್ತದೆ, ಅದನ್ನು ತುಳಿದು ಕೂರಿಸಬೇಕು. ತುಳಿಯುವ ಕೆಲಸ ಮನೆಯ ಮಕ್ಕಳದು. ಕಾಲು ತೊಳೆದುಕೊಂಡು, ಲಂಗ ಎತ್ತಿ ಕಟ್ಟಿಕೊಂಡು, ಹತ್ತಿಯ ಮೇಲೆ ಹತ್ತಿ ಕುಣಿಯುವುದು. ದೀಪ ತರಬಾರದು, ಬೆಂಕಿಕಡ್ಡಿ ತರಬಾರದು, ಇವೆರಡು ಬಿಟ್ಟರೆ ಅಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ. ಮನೆಯಲ್ಲಿ ಕಟ್ಟಳೆ ಇಲ್ಲದ ಜಾಗ ಅದೊಂದೇ.

ಅದೇ ಚಳಿಯ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಕೂಟ ನಡೆಯುತ್ತಿತ್ತು. ನಡೆಸುತ್ತಿದ್ದವರು ದೊಡ್ಡಪ್ಪ. ಊರಲ್ಲಿ ಶಾಲೆ ಅಂದರೆ ತೆಲುಗು, ಪೇಟೆ ಅಂದರೆ ತೆಲುಗು ಮತ್ತು ತುರಕ ಮಾತು, ಕನ್ನಡ ಅಂದರೆ ಅಡುಗೆಮನೆ. ಹೀಗಾದರೆ ನಮ್ಮ ಮಕ್ಕಳಿಗೆ ನಮ್ಮ ಅಕ್ಷರವೇ ಬರುವುದಿಲ್ಲ ಅಂತ ದೊಡ್ಡಪ್ಪನಿಗೆ ಚಿಂತೆ. ಬೇಸಿಗೆಯಲ್ಲಿ ಆದೋನಿಯ ಬಿಸಿಲಿಗೆ ಯಾರೂ ಎಲ್ಲಿಯೂ ಕೂರಲಾರರು, ಮಳೆಗಾಲಕ್ಕೆ ಎಲ್ಲರಿಗೂ ಹೊಲದ ಕೆಲಸ. ಹಾಗಾಗಿ ಚಳಿಗಾಲ. ಬೆಳಿಗ್ಗೆ ಶಾಲೆಗೆ ಮುಂಚೆ ಅಂಗಳದಲ್ಲಿ ಕಂಬಳಿ ಹಾಸಿ ಕನ್ನಡದ ಪಾಠ. ಸಂಜೆ ವಚನ, ಭಜನೆ, ತಬಲಾ, ಒಂದಿಷ್ಟು ನಾಟಕದ ತಾಲೀಮು. ಸಂಕ್ರಾಂತಿಯ ಹಿಂದಿನ ಭಾನುವಾರ ಊರವರೆಲ್ಲರ ಎದುರು ಕಲಿತದ್ದನ್ನು ಒಪ್ಪಿಸಬೇಕು. ಮಕ್ಕಳನ್ನು ಕಳಿಸಿದ ಪ್ರತಿ ಮನೆಯಿಂದಲೂ ಒಂದು ಹೆಣ್ಣುಮಗು ಆ ದಿನದ ಮೇಳದ ಸಾಲಿನಲ್ಲಿ ನಿಂತು ಹಾಡಬೇಕು, ಒಂದು ಮನೆಯದು ತಪ್ಪಿದರೂ ಆ ಮನೆಗೆ ಏನು ಕೆಟ್ಟದ್ದಾಯಿತು ಅಂತ ಜನ ಕೇಳುತ್ತಿದ್ದರು. ಇದನ್ನೆಲ್ಲ ದೊಡ್ಡಪ್ಪ ತಮ್ಮ ಖರ್ಚಿನಲ್ಲಿ ಮಾಡಿದರು, ಯಾರ ಹತ್ತಿರವೂ ಕೈಚಾಚಲಿಲ್ಲ. ಹಾರ್ಮೋನಿಯಂ ಅವರದೇ, ನುಡಿಸುತ್ತಿದ್ದವರೂ ಅವರೇ. ನನಗೆ ಕನ್ನಡದ ಅಕ್ಷರ ಕೊಟ್ಟವರು ಅವರು. ನನಗೆ ಬಾಯಿ ಮುಚ್ಚು ಅಂದವರೂ ಅವರೇ. ಎರಡೂ ನಿಜ, ಒಂದಕ್ಕಾಗಿ ಇನ್ನೊಂದನ್ನು ನಾನು ಮರೆತವಳಲ್ಲ.

ಹಾಡು ಕಲಿಸಲು ಆಲೂರು ಕಡೆಯಿಂದ ಈರಣ್ಣ ಮಾಸ್ತರ್ ಬರುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಕಿವಿಯ ಮೇಲೆ ಮಫ್ಲರ್. ಚಳಿ ಮುಗಿಯುವ ತನಕ ನಮ್ಮ ಮನೆಯಲ್ಲೇ ಊಟ, ನಮ್ಮ ಪಡಸಾಲೆಯಲ್ಲೇ ನಿದ್ದೆ. ತಾವೇ ಕಟ್ಟಿದ ಹಾಡುಗಳನ್ನು ನಮಗೆ ಕಲಿಸುತ್ತಿದ್ದರು. ನನಗೆ ಎಲ್ಲಕ್ಕಿಂತ ಪ್ರೀತಿಯದು ಬೆಳಗಿನ ಹಾಡು: "ಕದ ತೆಗಿಯವ್ವಾ, ಬೆಳಗು ಬಂದು ನಿಂತೈತಿ." ಮಾತು ಇಷ್ಟೇ. ಆದರೆ "ಅವ್ವಾ" ಅನ್ನುವಲ್ಲಿ ದನಿ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು, ಬಾಗಿಲು ತೆಗೆಯುವ ತನಕ ಕಾಯುವವರ ಹಾಗೆ. ಉಳಿದ ಹುಡುಗಿಯರು ಅಲ್ಲಿ ಕಿರುಗುಟ್ಟಿ ಕೆಳಗಿಳಿಯುತ್ತಿದ್ದರು. ನಾನು ನಿಲ್ಲುತ್ತಿದ್ದೆ.

ಇನ್ನು ನನ್ನ ಅವ್ವ. ದೊಡ್ಡಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು, ಅಡುಗೆಮನೆ ಪೂರ್ತಿ ಅವ್ವನ ಪಾಲಿಗೆ ಬಂದಿತ್ತು. ಕೂಟಕ್ಕೆ ಬಂದವರಿಗೆಲ್ಲ ರೊಟ್ಟಿ ಬಡಿಯುವುದು, ಮಂಡಕ್ಕಿಯ ಉಗ್ಗಾನಿ ಕಲಸುವುದು, ಬಜ್ಜಿ ಕರಿಯುವುದು ಅವಳೇ. ಆದರೆ ಅವಳ ದನಿ ಕೇಳಿದವರು ಕಡಿಮೆ. ನಮ್ಮ ಮನೆಯಲ್ಲಿ ಸೊಸೆಯಾದವಳು ಭಾವನಿಗೆ ಕೇಳುವ ಹಾಗೆ ಮಾತಾಡಬಾರದು. ದೊಡ್ಡಪ್ಪ ದಿನವಿಡೀ ಪಡಸಾಲೆಯಲ್ಲಿ ಇರುತ್ತಿದ್ದುದರಿಂದ ಅವ್ವ ದಿನವಿಡೀ ಪಿಸುಗುಟ್ಟುತ್ತಲೇ ಇರಬೇಕು. ನಮ್ಮನ್ನು ಕರೆಯಬೇಕಾದರೆ ಸೌಟಿನಿಂದ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದಳು. ಟಕ್ ಟಕ್ ಅಂದರೆ ಊಟಕ್ಕೆ ಬನ್ನಿ. ಬೇಗ ಬೇಗ ಬಡಿದರೆ ಹಾಲು ಉಕ್ಕುತ್ತಿದೆ, ಯಾರಾದರೂ ಓಡಿಬನ್ನಿ. ಒಂದೇ ಸಲ ಜೋರಾಗಿ ಬಡಿದರೆ ಗೌರಿಗೆ ಇವತ್ತು ಇದೆ ಅಂತ ಅರ್ಥ. ಗೌರಿ ಅಂದರೆ ನಾನು. ಆ ಚೌಕಟ್ಟಿನ ಕಟ್ಟಿಗೆಯಲ್ಲಿ ಸೌಟಿನ ಪೆಟ್ಟಿನಿಂದ ಗುಳಿ ಬಿದ್ದಿತ್ತು.

ಅವ್ವನಿಗೆ ದನಿಯೇ ಇಲ್ಲ ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ. ಅವಳ ತವರು ತುಂಗಭದ್ರೆಯ ದಂಡೆಯ ನಾಗಲದಿನ್ನೆ. ಒಂದು ಸಲ ಅವಳ ಜೊತೆ ಹೋಗಿದ್ದಾಗ ಆಚೆ ದಡಕ್ಕೆ ಹೋಗಬೇಕಾಯಿತು. ಹರಿಗೋಲು ಆಚೆ ಇತ್ತು, ಹರಿಗೋಲಿನವ ಮರದ ಕೆಳಗೆ ಕೂತಿದ್ದ, ಇಲ್ಲಿಂದ ನೋಡಿದರೆ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಅವ್ವ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿದಳು. ಎರಡು ಕೈಯನ್ನೂ ಬಾಯಿಯ ಬದಿಗೆ ಹಿಡಿದು ಕರೆದಳು:

"ಓ ಮಾವಾ! ಹರಿಗೋಲ ತಾರೋ!"

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಹೊಳೆಯ ಮೇಲೆ ಕೂತ ಹಕ್ಕಿಗಳು ಎದ್ದವು, ಆ ಹೆಬ್ಬೆರಳಿನಷ್ಟು ಮನುಷ್ಯ ಎದ್ದು ನಿಂತ. ಅವ್ವ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡು ನನ್ನ ಕಡೆ ನೋಡಿದಳು.

"ಯಾಕ್ ಹಂಗ ನೋಡ್ತಿ? ಹೊಳಿ ದಂಡಿ ಹೆಣ್ಮಕ್ಕಳು ಹಿಂಗ ಕರೀತಾರ."

"ಮತ್ತ ಮನ್ಯಾಗ ಯಾಕ ಕರಿಯಲ್ಲ?"

"ಮನ್ಯಾಗ ಹೊಳಿ ಇಲ್ಲಲ್ಲ," ಅಂದಳು ಅವ್ವ.

ನಾನು ಕೂಟಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅಂಗಳದಲ್ಲಿ ಕೂತು ಬೆಳಗಿನ ಹಾಡನ್ನು ಅಭ್ಯಾಸ ಮಾಡುತ್ತಿದ್ದಾಗಲೇ ತೊಂದರೆ ಶುರುವಾಯಿತು. ದೊಡ್ಡಪ್ಪ ಗಾದಿಯ ಮೇಲೆ ವ್ಯಾಪಾರಿಗಳ ಜೊತೆ ರೇಟು ಮಾತಾಡುತ್ತಿರುತ್ತಿದ್ದರು, ನಾನು ಒಳಗಿನಿಂದ "ಕದ ತೆಗಿಯವ್ವಾ" ಅಂತ ಎತ್ತಿದರೆ ಅವರ ಮಾತು ಅವರಿಗೇ ಕೇಳುತ್ತಿರಲಿಲ್ಲ. ಮಾಸ್ತರನ್ನು ಕರೆದು ಹೇಳಿದರು:

"ಈರಣ್ಣ, ಆ ಹುಡುಗಿ ಗಂಟಲಿಗೆ ಏನಾರ ಮಾಡಪ್ಪ. ಮನ್ಯಾಗ ಹೆಣ್ಣು ಹಾಡಿದ್ರ ಮನಿ ತಂಪಾಗಬೇಕು. ಇದು ಬಜಾರದಾಗ ಡಂಗುರ ಹೊಡದಂಗ ಐತಿ."

ಮಾಸ್ತರ್ ತಲೆ ಕೆರೆದುಕೊಂಡು ಒಂದು ಉಪಾಯ ಹುಡುಕಿದರು. ಹತ್ತಿ ತುಳಿಯಲು ಹೇಗೂ ಹೋಗುತ್ತೀಯಲ್ಲ, ಅಲ್ಲೇ ಹಾಡಿಕೋ. ಯಾರಿಗೂ ಕೇಳುವುದಿಲ್ಲ ಅಂದರು. ದೊಡ್ಡಪ್ಪನಿಗೂ ಸಮಾಧಾನ, ಮಾಸ್ತರಿಗೂ ಸಮಾಧಾನ. ಹತ್ತಿ ದನಿಯನ್ನು ಹೀರಿಬಿಡುತ್ತದೆ ಅನ್ನುವುದು ನಮ್ಮ ಮನೆಯ ಎಲ್ಲರಿಗೂ ಗೊತ್ತಿದ್ದ ವಿಷಯ. ತುಂಬಿದ ಕೋಣೆಯಲ್ಲಿ ಒಬ್ಬರು ಕೂಗಿದರೆ ಬಾಗಿಲಲ್ಲಿ ನಿಂತವರಿಗೆ ಕೇಳುವುದಿಲ್ಲ. ಹೀಗಾಗಿ ಚಳಿಗಾಲದ ಸಂಜೆಗಳಲ್ಲಿ ಹೊತ್ತು ಮುಳುಗುವ ಮುಂಚೆ ನಾನು ಹತ್ತಿಯ ಮೇಲೆ ಹತ್ತಿ, ಬಾಗಿಲು ಹಾಕಿಕೊಂಡು ಹಾಡತೊಡಗಿದೆ. ಮೊದಲು ಅಳು ಬರುತ್ತಿತ್ತು. ಬಾಯಿಂದ ಬಿಟ್ಟ ದನಿ ಮೂಗಿನ ತುದಿಯಲ್ಲೇ ಸತ್ತುಹೋಗುತ್ತಿತ್ತು. ನಾನು ಹಾಡಿದ್ದು ನನಗೇ ಕೇಳುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಇನ್ನೂ ಜೋರಾಗಿ ಹಾಡಿದೆ. ಅದನ್ನೂ ಹತ್ತಿ ನುಂಗಿತು. ಹೊಟ್ಟೆಯ ಅಡಿಯಿಂದ ಎಳೆದು ಹಾಡಿದೆ. ಕಾಲಿನಿಂದ ತುಳಿಯುತ್ತಾ, ತುಳಿತಕ್ಕೆ ಸರಿಯಾಗಿ ಹಾಡನ್ನು ಕೂರಿಸುತ್ತಾ, ಎದುರಿನ ಬಿಳಿ ಗೋಡೆಯಂಥ ಹತ್ತಿಯ ಜೊತೆ ಜಗಳಕ್ಕೆ ಬಿದ್ದವಳ ಹಾಗೆ ಹಾಡಿದೆ. ಅರಳೆಯ ಎಳೆ ಗಂಟಲಿಗೆ ಹೋಗಿ ಕೆಮ್ಮು ಬರುತ್ತಿತ್ತು. ಹೊರಗೆ ಬಂದರೆ ಅವ್ವ ಬೆಲ್ಲ, ಮೆಣಸು ಕುದಿಸಿದ ಕಷಾಯ ಹಿಡಿದು ನಿಂತಿರುತ್ತಿದ್ದಳು. ಕೂದಲಿಗೆ ಅಂಟಿದ ಹತ್ತಿಯನ್ನು ಒಂದೊಂದೇ ಆರಿಸಿ ತೆಗೆಯುತ್ತಿದ್ದಳು. ಹೀಗೆ ಕೆಲವು ಚಳಿಗಾಲ ಕಳೆದವು. ಮೇಳದ ಸಾಲಿನಲ್ಲಿ ನಿಂತಾಗ ಮಾಸ್ತರ್ ಕಣ್ಣಲ್ಲೇ ಮೆಲ್ಲಗೆ, ಮೆಲ್ಲಗೆ ಅನ್ನುತ್ತಿದ್ದರು, ನಾನು ಕಾಲುಭಾಗ ದನಿಯಲ್ಲಿ ಹಾಡಿ ಮುಗಿಸುತ್ತಿದ್ದೆ. ನನ್ನ ಪೂರ್ತಿ ದನಿ ಎಷ್ಟಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ನನಗೂ.

ಆಮೇಲಿನ ಒಂದು ಚಳಿಗಾಲದಲ್ಲಿ ಹತ್ತಿಯ ರೇಟು ಇದ್ದಕ್ಕಿದ್ದಂತೆ ಏರಿತು. ಗುಂಟೂರು ಕಡೆಯ ವ್ಯಾಪಾರಿಯೊಬ್ಬರು ಬಂದು ಇದ್ದದ್ದನ್ನೆಲ್ಲ ಒಂದೇ ಸಲ ಕೊಂಡರು. ಎಂದೂ ಸಂಕ್ರಾಂತಿಗೆ ಮುಂಚೆ ಆ ಕೋಣೆ ಖಾಲಿಯಾದದ್ದಿಲ್ಲ. ಆ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹಮಾಲಿ ಖಾಸಿಂ ಸಾಬರು ಕೊನೆಯ ಲಾರಿಗೆ ಹಗ್ಗ ಬಿಗಿಯುತ್ತಿದ್ದರು. ಕೋಣೆ ಬೋಳು. ನೆಲದ ಬಂಡೆ ಗುಡಿಸಿಟ್ಟಿದ್ದರು, ಮೇಲಿನ ಕಿಟಕಿಯ ಬಾಗಿಲು ತೆರೆದೇ ಇತ್ತು. ತುಳಿಯಲು ಹತ್ತಿ ಇಲ್ಲ, ಆದರೆ ಹಾಡುವ ಹೊತ್ತು ಹಾಡುವ ಹೊತ್ತೇ. ಭಾನುವಾರ ಹತ್ತಿರ ಬಂದಿತ್ತು. ನಾನು ನಡುವೆ ನಿಂತು, ಎಂದಿನ ಹಾಗೆ ಉಸಿರೆಳೆದು, ಎಂದಿನಷ್ಟೇ ಜೋರಿನಲ್ಲಿ ಎತ್ತಿದೆ.

ಕೋಣೆ ನನ್ನ ಮೇಲೇ ತಿರುಗಿಬಿತ್ತು. ನಾಲ್ಕೂ ಗೋಡೆ ಒಟ್ಟಿಗೆ "ಅವ್ವಾ" ಅಂದವು. ಯಾರೋ ದೊಡ್ಡ ಹೆಂಗಸು ಹಿಂದೆ ಬಂದು ನಿಂತಿದ್ದಾಳೆ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಇದು ನನ್ನದೇ. ಅಯ್ಯೋ, ಆವತ್ತಿನ ಸಂತೋಷವನ್ನು ಹೇಗೆ ಹೇಳಲಿ! ಇಷ್ಟು ದಿನ ಹತ್ತಿಗೆ ಕೊಟ್ಟದ್ದೆಲ್ಲ ಒಂದೇ ಸಲ ವಾಪಸ್ಸು ಬಂದಿತ್ತು. ನಾನು ನಿಲ್ಲಿಸಲಿಲ್ಲ. ಎರಡನೆಯ ಸಾಲು ಎತ್ತಿದೆ, ಮೂರನೆಯದು ಎತ್ತಿದೆ, ಕುಣಿಯುತ್ತಾ ಹಾಡಿದೆ. ಬೀದಿಯಲ್ಲಿ ಸೈಕಲ್ ನಿಂತ ಸದ್ದು, ಜನ ಕೂಡಿದ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ನನಗೇನು!

ಪಡಸಾಲೆಯಲ್ಲಿ ಆಗ ನಡೆದದ್ದನ್ನು ಖಾಸಿಂ ಸಾಬರು ಆಮೇಲೆ ನನಗೆ ಎಷ್ಟೋ ಸಲ ಆಡಿ ತೋರಿಸಿದರು. ವ್ಯಾಪಾರ ಮುಗಿಸಿ ಚಹಾ ಕುಡಿಯುತ್ತಿದ್ದ ಗುಂಟೂರಿನವರು ಲೋಟ ಕೆಳಗಿಟ್ಟು ಕೇಳಿದರಂತೆ:

"ಎವರಂಡೀ ಆ ಪಾಡೇದಿ?"

ಯಾರು ಹಾಡುತ್ತಿರುವುದು ಅಂದರೆ ದೊಡ್ಡಪ್ಪ ಕಣ್ಣು ಮಿಟುಕಿಸದೆ ಹೇಳಿದರಂತೆ:

"ರೇಡಿಯೋ ಅಂಡಿ."

ಬಾಗಿಲಲ್ಲಿದ್ದ ಖಾಸಿಂ ಸಾಬರು ಸುಮ್ಮನಿರಬಾರದೇ?

"ರೇಡಿಯೋ ಅಲ್ರೀ ಸಾವ್ಕಾರ್ರ, ನಮ್ಮ ಗೌರಮ್ಮ! ಕ್ಯಾ ಆವಾಜ್ ಹೈ ರೇ ಬಾ!"

ಬಾಗಿಲು ಧಡಾರನೆ ತೆರೆಯಿತು. ದೊಡ್ಡಪ್ಪ ಕೆಂಪಾಗಿ ನಿಂತಿದ್ದರು. ಸಾಕು ಅಂದರು. ನಾನು ಕೊನೆಯ ಸಾಲಿನಲ್ಲಿದ್ದೆ, ಅದನ್ನು ಮುಗಿಸಿಯೇ ಬಾಯಿ ಮುಚ್ಚಿದೆ. ಅವರು ಹೊಡೆಯಲಿಲ್ಲ. ಎಂದೂ ಯಾರಿಗೂ ಕೈಯೆತ್ತಿದವರಲ್ಲ.

ಆ ದಿನ ಊಟದ ಹೊತ್ತಿಗೆ ತೀರ್ಪು ಬಂತು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು, ಅವರೆಕಾಳಿನ ಪಲ್ಯ, ಗುರೆಳ್ಳಿನ ಪುಡಿ. ಇವತ್ತಿಗೂ ಎಳ್ಳು ಹಚ್ಚಿದ ರೊಟ್ಟಿ ಕಂಡರೆ ಆ ಮಾತು ಜೊತೆಗೇ ನೆನಪಾಗುತ್ತದೆ. ದೊಡ್ಡಪ್ಪ ನನ್ನ ಕಡೆ ನೋಡದೆ ಹೇಳಿದರು:

"ಭಾನುವಾರ ಮೇಳದಾಗ ನಮ್ಮ ಮನಿ ಹುಡುಗಿ ಇರಲೇಬೇಕು, ಇಲ್ಲಾಂದ್ರ ಮಂದಿ ಕೇಳ್ತಾರ. ನಿಂದ್ರು. ಬಾಯಿ ಆಡಿಸು. ದನಿ ಹೊರಗ ಬರಬಾರ್ದು."

"ಅಂದ್ರ ಹಾಡಬ್ಯಾಡ ಅಂತನ?"

"ಹಾಡಬ್ಯಾಡ ಅಂದೇನೇನು? ಬಾಯಿ ಆಡಿಸು ಅಂದೆ. ಹೆಣ್ಣಿನ ದನಿ ಹಿಂಗ ಬೀದಿಗೆ ಬಿದ್ರ ನಾಳಿ ಯಾರ ಮನಿಗೆ ಕೊಡಬೇಕು ನಿನ್ನ?"

"ಸುಮ್ಮನ ಬಾಯಿ ಆಡಿಸಾಕ ನಾ ಏನು ಎಮ್ಮಿನಾ?"

ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಅಪ್ಪ ತನ್ನ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ತಟ್ಟೆಯ ರೊಟ್ಟಿಯನ್ನು ಮುರಿದು ಮುರಿದು ಚೂರು ಮಾಡಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಪಲ್ಯ ತಿರುವುತ್ತಿದ್ದ ಸೌಟಿನ ಸದ್ದು ನಿಂತುಹೋಗಿತ್ತು. ನನಗೆ ಎಮ್ಮೆಯ ಮಾತಿಗೆ ಮೂರು ದಿನ ಅಂಗಳದ ಪಾಠಕ್ಕೆ ಬರಕೂಡದೆಂದು ಅಪ್ಪಣೆಯಾಯಿತು.

ಮಾಸ್ತರ್ ನನ್ನ ಪರ ಮಾತಾಡುತ್ತಾರೆ ಅಂತ ಆಸೆಯಿತ್ತು. ಬೆಳಿಗ್ಗೆ ಅವರು ಹಿತ್ತಲ ಬಾವಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಹೋಗಿ ಹಿಡಿದೆ.

"ಮಾಸ್ತರ್, ನನ್ನ ದನಿ ಕೆಟ್ಟೈತೇನ್ರಿ?"

"ಇಲ್ಲ ಮಗಳ."

"ಮತ್ತ ದೊಡ್ಡಪ್ಪಗ ಹೇಳ್ರಿ."

ಅವರು ಬಾಯಿ ಮುಕ್ಕಳಿಸಿ, ಮಫ್ಲರಿನಿಂದ ಮುಖ ಒರೆಸಿಕೊಂಡು, ನೆಲ ನೋಡುತ್ತಾ ಅಂದರು:

"ನಾ ಅವರ ಮನಿ ರೊಟ್ಟಿ ತಿನ್ನಾವ, ಗೌರಿ. ಈ ವರ್ಷ ಹೆಂಗೋ ತಡಕೋ. ಮುಂದ ನೋಡೋಣು."

ಮುಂದೆ ನೋಡೋಣ ಎನ್ನುವವರನ್ನು ನಾನು ಆವತ್ತಿನಿಂದ ನಂಬಿಲ್ಲ. ಅವರ ಕಷ್ಟ ಈಗ ನನಗೆ ಅರ್ಥವಾಗುತ್ತದೆ, ಹಾಗಂತ ಆ ಸಿಟ್ಟು ಪೂರ್ತಿ ಇಳಿದಿದೆ ಅಂದರೆ ಸುಳ್ಳಾಗುತ್ತದೆ.

ಭಾನುವಾರ ಬಂತು. ಅವ್ವ ನನ್ನನ್ನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡು ತಲೆ ಬಾಚಿದಳು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆದಳು. ಪಿಸುದನಿಯಲ್ಲಿ ಕೇಳಿದಳು:

"ಏನು ಮಾಡ್ತಿ ಇವತ್ತ?"

"ಹಾಡ್ತೀನಿ."

"ಬಾಯಿ ಆಡಿಸು ಅಂದಾರ."

"ಅಂದ್ರ ಅನ್ಲಿ. ನಾ ಹಾಡ್ತೀನಿ ಯವ್ವ."

ಬೈಯುತ್ತಾಳೆ ಅಂದುಕೊಂಡೆ. ರಿಬ್ಬನ್ ಕಟ್ಟಿ, ಗಂಟನ್ನು ಎಳೆದು ನೋಡಿ, "ಹಂಗಾದ್ರ ಹೊಟ್ಟಿ ತುಂಬ ಉಣ್ಣು, ಅರ್ಧ ಹೊಟ್ಟ್ಯಾಗ ಉಸುರು ನಿಲ್ಲಲ್ಲ," ಅಂದಳು. ಆಮೇಲೆ ತಟ್ಟೆಗೆ ಉಗ್ಗಾನಿ ಹಾಕಿ, ಎರಡು ಬಜ್ಜಿಯನ್ನು ಅದರ ಮೇಲಿಟ್ಟು ನನ್ನ ಕೈಗೆ ಕೊಟ್ಟಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ತುಂಬಿತ್ತು. ಕುರಿ ಸಾಕುವ ಮನೆಗಳವರು ತಂದ ಕರಿ ಕಂಬಳಿಗಳ ಮೇಲೆ ಗಂಡಸರು, ಅಡುಗೆಮನೆಯ ಜಗುಲಿಯ ಮೇಲೆ ಹೆಂಗಸರು. ಮಾಳಿಗೆಯ ಅಂಚಿನಲ್ಲಿ ಪಕ್ಕದ ಮನೆಯವರು ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಸಣ್ಣವರು ಕನ್ನಡ ಓದಿ ಒಪ್ಪಿಸಿದರು, ತೆಲುಗಿನ ರಾಗದಲ್ಲಿ ಕನ್ನಡ ಓದಿದ ಹುಡುಗನಿಗೆ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾಟಕವಾಯಿತು, ರಾಜನ ಮೀಸೆ ಉದುರಿತು. ಕೊನೆಗೆ ಮೇಳ. ಹಾರ್ಮೋನಿಯಂ ಮುಂದೆ ದೊಡ್ಡಪ್ಪ, ತಬಲಾಕ್ಕೆ ಮಾಸ್ತರ್. ನಾನು ಸಾಲಿನ ಕೊನೆಯಲ್ಲಿ ನಿಂತೆ. ಬೆಳಗಿನ ಹಾಡು ಶುರುವಾಯಿತು.

ಮೊದಲ ಸಲ ಪಲ್ಲವಿ ಬಂದಾಗ ನಾನು ಬಾಯಿ ಆಡಿಸಿದೆ. ನಿಜವಾಗಿಯೂ ಆಡಿಸಿದೆ, ಅದು ಹೇಗಿರುತ್ತದೆ ಅಂತ ನೋಡಬೇಕಿತ್ತು. ತುಟಿ ಅಲ್ಲಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ದೊಡ್ಡಪ್ಪ ಹಾರ್ಮೋನಿಯಂ ಮೇಲಿಂದ ನನ್ನ ಕಡೆ ನೋಡಿದರು. ಮೆಚ್ಚಿ ತಲೆಯಾಡಿಸಿದರು, ನಕ್ಕರು. ಭೇಷ್ ಅನ್ನುವ ನಗು. ಅವರು ಗದರಿಸಿದ್ದರೆ ನಾನು ಹೆದರಿ ಸುಮ್ಮನಿರುತ್ತಿದ್ದೆನೋ ಏನೋ. ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಎರಡನೆಯ ಸಲ ಪಲ್ಲವಿ ಬಂದಾಗ ಹತ್ತಿ ಕೋಣೆಯಲ್ಲಿ ಎಷ್ಟು ಉಸಿರು ಎಳೆಯುತ್ತಿದ್ದೆನೋ ಅಷ್ಟನ್ನೂ ಎಳೆದು ಬಿಟ್ಟೆ:

"ಕದ ತೆಗಿಯವ್ವಾ..."

ಪಕ್ಕದ ಹುಡುಗಿಯರು ಒಬ್ಬೊಬ್ಬರಾಗಿ ನಿಂತುಹೋದರು. ದೊಡ್ಡಪ್ಪ ಸ್ವರದ ಮನೆಗಳ ಮೇಲಿನ ಬೆರಳನ್ನು ತೆಗೆದರು, ಹಾರ್ಮೋನಿಯಂ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಮಾಸ್ತರ್ ದೊಡ್ಡಪ್ಪನ ಮುಖ ನೋಡಿ ತಮ್ಮ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಶ್ರುತಿ ಇಲ್ಲ, ತಾಳ ಇಲ್ಲ. ಕಾಲು ತುಳಿಯುತ್ತಾ ನಾನೊಬ್ಬಳೇ ಹಾಡಿದೆ. ಹತ್ತಿ ಕೋಣೆಯಲ್ಲಾದರೆ ದನಿ ಸಾಯುತ್ತಿತ್ತು, ಖಾಲಿ ಕೋಣೆಯಲ್ಲಾದರೆ ತಿರುಗಿ ಬರುತ್ತಿತ್ತು. ತೆರೆದ ಅಂಗಳದಲ್ಲಿ ಅದು ಎರಡನ್ನೂ ಮಾಡಲಿಲ್ಲ, ಮೇಲಕ್ಕೆ ಹೋಗಿ ಹೋಗುತ್ತಲೇ ಇತ್ತು. ನನಗೆ ಆಗ ಭಯವಾಯಿತು. ಇಷ್ಟು ಜನ, ಒಬ್ಬರ ಕೆಮ್ಮೂ ಇಲ್ಲ. ಮೂರನೆಯ ಪಲ್ಲವಿಗೆ ಬರುವಷ್ಟರಲ್ಲಿ ಉಸಿರು ಅರ್ಧಕ್ಕೇ ಮುಗಿಯಿತು. ಮುಗಿಯಿತು ಕತೆ, ಇನ್ನು ಅತ್ತೇ ಬಿಡುತ್ತೇನೆ ಅಂದುಕೊಂಡೆ.

ಆಗ ಹಿಂದಿನಿಂದ ಬಂತು. ನಾನು ಬಿಟ್ಟ ಜಾಗದಲ್ಲೇ ಸರಿಯಾಗಿ ಹಿಡಿದು, ನನಗಿಂತ ದೊಡ್ಡದಾಗಿ, ನನಗಿಂತ ಒರಟಾಗಿ:

"ಕದ ತೆಗಿಯವ್ವಾ... ಬೆಳಗು ಬಂದು ನಿಂತೈತಿ!"

ತಿರುಗಿ ನೋಡುವುದು ಬೇಕಿರಲಿಲ್ಲ. ಹೊಳೆಯ ಆಚೆ ದಡಕ್ಕೆ ಕೇಳಿದ ದನಿ ಅದು. ಆದರೂ ನೋಡಿದೆ. ಅವ್ವ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿದಿತ್ತು, ಕೈ ತುಂಬ ಕಡಲೆಹಿಟ್ಟು. ಇಷ್ಟು ವರ್ಷ ಅಡುಗೆಮನೆಯಲ್ಲಿ ಕೂತು ಪ್ರತಿ ಹಾಡನ್ನೂ ಕಲಿತಿದ್ದಳು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳು ದೊಡ್ಡಪ್ಪನ ಕಡೆ ನೋಡಲಿಲ್ಲ, ಜನರ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ ಹಾಡಿದಳು. ನನ್ನ ಉಸಿರು ವಾಪಸ್ಸು ಬಂತು. ಇಬ್ಬರೂ ಸೇರಿ ಉಳಿದದ್ದನ್ನು ಹಾಡಿದೆವು. ಮಾಸ್ತರ ಕೈ ತಬಲಾಕ್ಕೆ ಬಂದದ್ದು ಕೊನೆಯ ಸಾಲಿಗೆ. ತಡವಾಗಿ ಬಂತು. ಬಂತಲ್ಲ ಅಂತ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಜನ ಚಪ್ಪಾಳೆ ತಟ್ಟಿದರು, ಕೆಲವರು ತಟ್ಟಲಿಲ್ಲ. ಇಬ್ಬರು ಹೆಂಗಸರು ಮೂಗು ಮುರಿದು ಎದ್ದು ಹೋದರು. ದೊಡ್ಡಪ್ಪ ಬಂದವರಿಗೆಲ್ಲ ತಾವೇ ನಿಂತು ಉಗ್ಗಾನಿ ಬಡಿಸಿದರು, ನಮ್ಮ ಕಡೆ ಸುಳಿಯಲಿಲ್ಲ. ಆಮೇಲೆ ಅವರ ಮನಸ್ಸು ಕರಗಿತು, ನನ್ನನ್ನು ಕರೆದು ತಲೆ ಸವರಿದರು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ತಾವು ತೀರಿಕೊಳ್ಳುವ ತನಕ ಪ್ರತಿ ಚಳಿಗಾಲವೂ ಕೂಟ ನಡೆಸಿದರು, ಪ್ರತಿ ಚಳಿಗಾಲವೂ ನನ್ನ ಸರದಿ ಬಂದಾಗ ಹಾರ್ಮೋನಿಯಂ ಮುಚ್ಚಿ ಎದ್ದು ಪಡಸಾಲೆಗೆ ಹೋದರು. ನನಗೆ ಶ್ರುತಿ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಶ್ರುತಿ ಪೆಟ್ಟಿಗೆ ಇಲ್ಲದೆ ಹಾಡುವುದನ್ನು ಹಾಗೆಯೇ ಕಲಿತೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ನಾವು ಮಕ್ಕಳೆಲ್ಲ ಹತ್ತಿಕಟ್ಟಿಗೆಗೆ ಬೆಂಕಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದೆವು. ನನ್ನ ಕಿವಿಯೆಲ್ಲ ಮನೆಯ ಕಡೆಗಿತ್ತು. ಅವ್ವನಿಗೆ ಏನಾಗಿದೆಯೋ, ಏನಂದರೋ ಅಂತ ಬಾಗಿಲ ಕಡೆಗೇ ನೋಡುತ್ತಿದ್ದೆ. ದೊಡ್ಡಪ್ಪ ಪಡಸಾಲೆಯ ಗಾದಿಯ ಮೇಲೆ ಪೇಪರು ಬಿಡಿಸಿಕೊಂಡು ಚಹಾ ಕುಡಿಯುತ್ತಿದ್ದುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಖಾಸಿಂ ಸಾಬರು ಕಟ್ಟೆಯ ಮೇಲೆ ಬೀಡಿ ಹಚ್ಚಿದ್ದರು. ರೊಟ್ಟಿಯ ಹೊತ್ತಾಗಿತ್ತು. ಸೌಟಿನ ಸದ್ದು ಇನ್ನೇನು ಬರಬೇಕು, ಟಕ್ ಟಕ್ ಅಂತ. ಬರಲಿಲ್ಲ. ಕಾದೆ. ಅಡುಗೆಮನೆಯಿಂದ ಅಂಗಳ ದಾಟಿ, ಪಡಸಾಲೆ ದಾಟಿ, ದೊಡ್ಡಪ್ಪನ ತಲೆಯ ಮೇಲಿಂದ ಹಾದು, ಬೀದಿಯ ತುದಿಯಲ್ಲಿದ್ದ ನನ್ನ ತನಕ ಬಂತು:

"ಗೌರೀ! ಏ ಗೌರೀ! ರೊಟ್ಟಿ ಆರ್ತಾವ, ಬಾರೇ!"

ದೊಡ್ಡಪ್ಪನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ನಿಂತಿತು. ಖಾಸಿಂ ಸಾಬರು ಬೀಡಿ ಬಾಯಿಂದ ತೆಗೆದು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ದೊಡ್ಡಪ್ಪ ಚಹಾ ಗುಟುಕರಿಸಿ, ಪೇಪರಿನ ಹಾಳೆ ತಿರುವಿದರು.

"ಬಂದೇ ಯವ್ವಾ!" ಅಂತ ನಾನು ಅಲ್ಲಿಂದಲೇ ಕೂಗಿ ಓಡಿದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಸೌಟು ಸಾರು ತಿರುವುವುದಕ್ಕೆ ಮಾತ್ರ.